ವಸಂತಮ್ಮನವರ ‘ಹುಡುಕು’

ವಸಂತಮ್ಮನವರು ಟೈಪ್ ಮಾಡುವಾಗ ಕೀಬೋರ್ಡ್ ನೋಡುತ್ತಿರಲಿಲ್ಲ. ಎದುರಿಗೆ ನಿಂತ ಗಿರಾಕಿಯ ಮುಖ ನೋಡುತ್ತ, ಗಂಡಿನ ಕಡೆಯವರು ಯಾವ ಊರು, ಛತ್ರ ಸಿಕ್ಕಿತೇ ಎಂದೆಲ್ಲ ವಿಚಾರಿಸುತ್ತಿದ್ದರು. ಹತ್ತು ಬೆರಳುಗಳು ತಮ್ಮ ಪಾಡಿಗೆ ತಾವು ಓಡುತ್ತಿದ್ದವು. ಪಕ್ಕದ ಮೇಜಿನಲ್ಲಿ ಎರಡೇ ಬೆರಳಿನಿಂದ ಕುಟ್ಟುತ್ತಿದ್ದ ನನಗೆ ಆ ಸದ್ದು ಕೇಳಿದರೇ ಮೈ ಉರಿಯುತ್ತಿತ್ತು.

ನಾನು ಹೊಳೆನರಸೀಪುರದ ಒಂದು ಪ್ರೆಸ್ಸಿಗೆ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದವನು. ತೊಂಬತ್ತರ ದಶಕದ ಕೊನೆಯಲ್ಲಿ ಯಜಮಾನರಾದ ಮಹದೇವಪ್ಪನವರು ಸೀಸದ ಮೊಳೆಗಳನ್ನು ತೂಕಕ್ಕೆ ಹಾಕಿ ಕಂಪ್ಯೂಟರ್ ತಂದರು. ನಾನು ಬಿದ್ದು ಎದ್ದು ಅದನ್ನೂ ಕಲಿತೆ. ಅಚ್ಚಿಗೆ ಹೋಗುವ ಮೊದಲು ಪ್ರೂಫ್ ತಿದ್ದುವ ಕೆಲಸವೂ ನನ್ನದೇ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಕರಪತ್ರ, ಏನೇ ಮಾಡಿದರೂ ಫೈಲಿಗೆ ಒಂದು ನಂಬರು ಕೊಟ್ಟು ಇಡುತ್ತಿದ್ದೆ. ಯಾವ ನಂಬರಿನಲ್ಲಿ ಯಾರ ಮನೆಯ ಮದುವೆ ಇದೆ ಎಂಬುದು ನನ್ನ ತಲೆಯಲ್ಲಿ ಮಾತ್ರ ಇತ್ತು.

“ಪುಟ್ಸಾಮೀ, ಓದ್ ವರ್ಷ ಚನ್ನರಾಯಪಟ್ಟಣದ ಕಾಯಿ ಮಂಡಿಯೋರ್ದು ಎಲ್ಲದೆ ನೋಡ್ಲಾ!” ಎಂದು ಯಜಮಾನರು ಕೂಗುವರು. ನಾನು ಟೀ ಲೋಟ ಕೆಳಗಿಡದೆಯೇ ನಂಬರು ಹೇಳುವೆ. ಗಿರಾಕಿ ಬೆರಗಾಗಿ ನನ್ನತ್ತ ತಿರುಗುವರು. ಇಷ್ಟೇ ನನ್ನ ಐಶ್ವರ್ಯ.

ಹೀಗಿರುವಾಗ ವಸಂತಮ್ಮ ಬಂದರು. ಅರಕಲಗೂಡಿನವರು, ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ತಂದೆಯ ಟೈಪಿಂಗ್ ಇನ್‌ಸ್ಟಿಟ್ಯೂಟನ್ನು ಕಲಿಯುವವರು ಬರುವಷ್ಟು ದಿನ ನಡೆಸಿ, ಬಾಗಿಲು ಹಾಕಿದ ಮೇಲೆ ಹಾಸನಕ್ಕೆ ಓಡಾಡಿ, ತಮ್ಮ ಅರ್ಧ ವಯಸ್ಸಿನ ಹುಡುಗರ ಜೊತೆ ಕೂತು ಕಂಪ್ಯೂಟರ್ ಕಲಿತಿದ್ದರು. ದಿನಾ ಬೆಳಿಗ್ಗೆ ಅರಕಲಗೂಡಿನ ಬಸ್ಸಿನಲ್ಲಿ ಬಂದು, ಸೀರೆಯ ಸೆರಗಿನಿಂದ ಪರದೆಯ ಧೂಳು ಒರೆಸಿ, ಕೂರುವರು.

ಬಂದು ತಿಂಗಳಾಗಿರಲಿಲ್ಲ. “ಪುಟ್ಟಸ್ವಾಮಿಯವರೇ, ನೀವು ಒಂದು ವಾರ ರಜ ಹಾಕಿದ್ರೆ ಈ ಪ್ರೆಸ್ಸಿನ ಗತಿ ಏನ್ರೀ?” ಎಂದು ಕೇಳಿದರು. ನಾನದನ್ನು ಹೊಗಳಿಕೆ ಎಂದುಕೊಂಡು ಬೀಗಿದೆ.

ಮಾರನೆಯ ದಿನದಿಂದ ಊಟದ ಬಿಡುವಿನಲ್ಲಿ ಅವರು ಫೈಲುಗಳನ್ನು ಒಂದೊಂದಾಗಿ ತೆರೆದು ನೋಡತೊಡಗಿದರು. ಒಂದು ಪಟ್ಟಿ ಮಾಡಿ, ಪ್ರತಿ ನಂಬರಿನ ಮುಂದೆ ನಾಲ್ಕೈದು ಗುರುತು ಬರೆದರು: ಊರು, ಸಮಾರಂಭ, ಇಸವಿ, ಹೆಣ್ಣುಗಂಡಿನ ಹೆಸರು, ಕಾರ್ಡಿನ ಬಣ್ಣ. ಇಷ್ಟೆಲ್ಲ ಯಾಕೆಂದು ಕೇಳಿದ್ದಕ್ಕೆ, “ಜನ ನಂಬರ್ ಹೇಳ್ಕೊಂಡು ಬರಲ್ಲ ಕಣ್ರೀ. ‘ನಮ್ಮಕ್ಕನ ಮದುವೇಲಿ ಹಳದಿ ಕಾರ್ಡು ಮಾಡಿದ್ರಲ್ಲ, ಅದು’ ಅಂತ ಬರ್ತಾರೆ. ಅವರು ಆಡೋ ಮಾತೇ ಫೈಲಿಗೆ ಗುರುತಾಗಿರಬೇಕು” ಎಂದರು.

ಪಟ್ಟಿ ಮುಗಿದ ಮೇಲೆ, ಕಂಪ್ಯೂಟರಿಗೆ ಅಪ್ಪಣೆ ಕೊಡುವ ಹತ್ತು ಹನ್ನೆರಡು ಸಾಲಿನ ಒಂದು ಸ್ಕ್ರಿಪ್ಟ್ ಬರೆದು ಅದಕ್ಕೆ ‘ಹುಡುಕು’ ಎಂದು ಹೆಸರಿಟ್ಟರು. ಪರದೆಯ ಮೇಲಿನ ಕಪ್ಪು ಕಿಟಕಿಯಲ್ಲಿ ‘ಹುಡುಕು’ ಎಂದು ಹೊಡೆದು, ಮುಂದೆ ಊರು, ಬಣ್ಣ ಏನಾದರೂ ಸೇರಿಸಿದರೆ ಸಾಕು. ಆ ಗುರುತಿದ್ದ ಫೈಲುಗಳು ಮಾತ್ರ ಸಾಲಾಗಿ ಬರುತ್ತಿದ್ದವು. ಬೇಕಾದದ್ದರ ಕ್ರಮಸಂಖ್ಯೆ ಒತ್ತಿದರೆ ಕಾರ್ಡೇ ತೆರೆದುಕೊಳ್ಳುತ್ತಿತ್ತು.

ಯಜಮಾನರು ಪರೀಕ್ಷೆ ಮಾಡಿದರು. “ಅರಕಲಗೂಡು, ಗೃಹಪ್ರವೇಶ, ಅಸ್ರು ಕಾರ್ಡು.” ನಾನು ನೆನಪಿಸಿಕೊಳ್ಳುವಷ್ಟರಲ್ಲಿ ಪರದೆಯ ಮೇಲೆ ಹಸಿರು ಕಾರ್ಡು ಬಂದು ನಿಂತಿತ್ತು.

“ಅಬ್ಬಾ! ಪುಟ್ಸಾಮಿ ತಲೇಲಿದ್ದುದ್ನೆಲ್ಲ ಪೆಟ್ಗೆಗೆ ಇಳಿಸ್ಬುಟ್ಟಲ್ಲಮ್ಮಾ!” ಎಂದು ಯಜಮಾನರು ನಕ್ಕರು. ನಾನೂ ನಕ್ಕೆ. ಅವತ್ತು ಬುತ್ತಿ ಬಿಚ್ಚದೆಯೇ ಮನೆಗೆ ವಾಪಸು ಒಯ್ದೆ.

ಆಮೇಲೆ ಪ್ರೆಸ್ಸಿನಲ್ಲಿ ನನ್ನ ಹೆಸರು ಕೂಗುವುದೇ ನಿಂತುಹೋಯಿತು. ಯಜಮಾನರು “ವಸಂತಮ್ಮಾ, ಉಡುಕು” ಎನ್ನುವರು, ಅಷ್ಟೆ. ಅದು ವಸಂತಮ್ಮನವರಿಗೂ ತಿಳಿದಿತ್ತೇನೋ, ಒಂದು ಮಧ್ಯಾಹ್ನ ಪಕ್ಕದಲ್ಲಿ ಕುರ್ಚಿ ಹಾಕಿ ಕರೆದರು. “ಬನ್ನಿ, ನೀವೂ ಕಲೀರಿ. ನನ್ನೊಬ್ಬಳ ಕೈಲಿ ಯಾಕಿರಬೇಕು?” ಪಟ್ಟಿಯನ್ನು ಹೇಗೆ ತೆರೆಯಬೇಕು, ಹೊಸ ಗುರುತು ಹೇಗೆ ಸೇರಿಸಬೇಕು, ಎಲ್ಲವನ್ನೂ ತೋರಿಸಿದರು. ನಾನು ಮೊದಲ ಬಾರಿಗೇ ಹಿಡಿದುಕೊಂಡಾಗ, “ನೀವು ಜಾಣರು” ಎಂದರು. ನನಗೆ ಇನ್ನಷ್ಟು ಕಿಚ್ಚಾಯಿತು. ಕಲಿಸುವ ಜಾಗದಲ್ಲಿ ನಾನಿರಬೇಕಿತ್ತು.

ಭಾನುವಾರ ಅವರು ಬರುತ್ತಿರಲಿಲ್ಲ. ಅಂಥದೊಂದು ಭಾನುವಾರ, ಯಜಮಾನರು ಊಟಕ್ಕೆ ಹೋಗಿದ್ದಾಗ, ನಾನು ಪಟ್ಟಿ ತೆರೆದೆ. ಊರು ಬಾಗೂರು ಎಂದಿದ್ದಲ್ಲಿ ಸಾಲಗಾಮೆ ಎಂದು ತಿದ್ದಿದೆ. ಹೆಸರುಗಳನ್ನು ಅದಲುಬದಲು ಮಾಡಿದೆ. ಕೆಲವು ಸಾಲುಗಳನ್ನು ಪೂರ್ತಿ ಅಳಿಸಿದೆ. ಒಂದೇ ಒಂದು ಸಲ ‘ಹುಡುಕು’ ಸೋಲಲಿ, ಯಜಮಾನರು ಮತ್ತೆ “ಪುಟ್ಸಾಮೀ” ಎನ್ನಲಿ. ನನ್ನ ಆಸೆ ಅಷ್ಟೇ ಇತ್ತು.

ಹತ್ತು ದಿನವಾಗಿರಬಹುದು, ಬಾಗೂರಿನಿಂದ ಜಯಮ್ಮ ಎಂಬ ಹೆಂಗಸು ಬಂದಳು. ಮೂವತ್ತೂ ಆಗಿರಲಿಲ್ಲ. ಸರ್ಕಾರಿ ಕೆಲಸದಲ್ಲಿದ್ದ ಗಂಡ ಶಿವಣ್ಣ ಅಪಘಾತದಲ್ಲಿ ತೀರಿಕೊಂಡಿದ್ದ. ಪಿಂಚಣಿ ಇವಳಿಗೆ ಸಿಗದಿರಲೆಂದು ಗಂಡನ ಅಣ್ಣಂದಿರು, ಇವಳ ಮದುವೆಯೇ ಆಗಿಲ್ಲ ಎಂದು ಅವನ ಆಫೀಸಿಗೆ ಬರೆದುಕೊಟ್ಟಿದ್ದರಂತೆ.

“ಲಗ್ನಪತ್ರಿಕೆ ಇದ್ರೆ ತಕಂಬಾ ಅಂತ ಆಪೀಸ್ನೋರು ಅಂದವ್ರೆ ಸಾ. ಮನೇಲಿದ್ದುದ್ನ ನಮ್ ಬಾವಂದ್ರೇ ಸುಟ್ಟಾಕವ್ರೆ. ನೀವೇ ಅಚ್ಚಾಕಿದ್ದು. ಇನ್ನೊಂದು ತೆಗ್ದು ಸೀಲ್ ಒತ್ಕೊಡಿ, ನಿಮ್ ಕಾಲಿಗ್ ಬೀಳ್ತೀನಿ” ಎಂದಳು.

ಮಾದರಿ ಕಾರ್ಡುಗಳ ಆಲ್ಬಂ ಎಂದೋ ಗೆದ್ದಲು ಹಿಡಿದು ಹೋಗಿತ್ತು. ವಸಂತಮ್ಮ, “ಅಳಬೇಡಮ್ಮ, ಎರಡು ನಿಮಿಷ” ಎಂದು ಬಾಗೂರು, ಮದುವೆ ಎಂದು ಹೊಡೆದರು. ಏನೂ ಬರಲಿಲ್ಲ. ಜಯಮ್ಮ ಎಂದು ಹೊಡೆದರು. ಬಂದ ಕಾರ್ಡು ಬೇರೆ ಯಾರದೋ. ಶಿವಣ್ಣ ಎಂದರು, ಇಸವಿ ಹಾಕಿದರು. ಅವರು ಕೀಬೋರ್ಡನ್ನು ದಿಟ್ಟಿಸಿ ನೋಡಿದ್ದನ್ನು ನಾನು ಕಂಡದ್ದು ಅವತ್ತೇ.

“ಪುಟ್ಸಾಮೀ, ನಿಂಗೇನಾರ ನೆಪ್ಪದೇನ್ಲಾ?” ಎಂದು ಯಜಮಾನರು ಕೂಗಿದರು.

ನಾನು ಕಾದಿದ್ದ ಕೂಗು ಅದೇ. ಎದ್ದು ನಿಂತೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ‘ಹುಡುಕು’ ಬಂದ ಮೇಲೆ ನಂಬರುಗಳನ್ನು ನೆನಪಿಡುವ ಗೊಡವೆಗೇ ಹೋಗಿರಲಿಲ್ಲ; ತಲೆಯೊಳಗೆ ತಡಕಿದರೆ ಏನೂ ಇರಲಿಲ್ಲ. ಬಾಗೂರಿನ ಮದುವೆಗಳು ಎಷ್ಟು ಬಂದಿದ್ದವೋ, ಒಂದರ ಮುಖವೂ ನೆನಪಾಗಲಿಲ್ಲ. “ಇಲ್ಲ” ಎಂದೆ.

ವಸಂತಮ್ಮ ಜಯಮ್ಮನ ಕೈ ಹಿಡಿದುಕೊಂಡು, “ತಪ್ಪು ನಂದೇ ಕಣಮ್ಮ. ಪಟ್ಟಿ ಮಾಡುವಾಗ ಎಲ್ಲೋ ಎಡವಿದ್ದೀನಿ” ಎಂದರು. ಯಜಮಾನರು ಮುಖ ಗಂಟಿಕ್ಕಿಕೊಂಡು ಹೊರಟುಹೋದರು. ಜಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಮೆಟ್ಟಿಲಿಳಿದಳು.

ನಾನು ಅವಳ ಹಿಂದೆಯೇ ಬಸ್ ಸ್ಟ್ಯಾಂಡಿನವರೆಗೆ ಓಡಿದೆ. “ನಾಳಿದ್ದು ಬಾರಮ್ಮ, ಹುಡುಕಿ ಇಟ್ಟಿರ್ತೀನಿ” ಎಂದೆ. “ಬತ್ತೀನಿ ಸಾ. ಇನ್ನೆಲ್ಗೋಗ್ಲಿ?” ಎಂದಳು. ಹಿಂತಿರುಗಿ ಬಂದಾಗ ವಸಂತಮ್ಮ ತಮ್ಮ ಹತ್ತು ಸಾಲಿನ ಸ್ಕ್ರಿಪ್ಟನ್ನು ಮತ್ತೆ ಮತ್ತೆ ಓದುತ್ತಿದ್ದರು.

“ಅದರಲ್ಲಿ ತಪ್ಪಿಲ್ಲ. ಪಟ್ಟಿ ಕೆಡಿಸಿದವನು ನಾನು” ಎಂದೆ.

ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಸ್ಕ್ರಿಪ್ಟ್ ಮುಚ್ಚಿ ಪಟ್ಟಿ ತೆರೆದರು. ಆಮೇಲೆ, “ಯಾವ ಯಾವುದು ತಿದ್ದಿದ್ರಿ? ಹೇಳಿ” ಎಂದರು. ನೆನಪಿಲ್ಲ ಎಂದೆ. “ಹಾಗಾದ್ರೆ ಮೊದಲಿಂದ ನೋಡೋಣ. ನೀವು ಓದಿ, ನಾನು ಹೊಡೀತೀನಿ.”

ಅವತ್ತೂ ಮಾರನೆಯ ದಿನವೂ ಫೈಲು ತೆರೆದು ನಾನು ಓದಿದೆ, ಅವರು ಗುರುತು ಹೊಡೆದರು. ಎರಡನೆಯ ದಿನ ಮಧ್ಯಾಹ್ನ ಗುಲಾಬಿ ಬಣ್ಣದ ಕಾರ್ಡೊಂದು ತೆರೆಯಿತು. ‘ಚಿ.ಸೌ. ಜಯಮ್ಮ, ಚಿ. ಶಿವಣ್ಣ’ ಎಂದು ಎರಡೆರಡು ಸಲ ಓದಿದೆ. ವಸಂತಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸೀಲು ಹಾಕಿದ ಕಾರ್ಡನ್ನು ಮರುದಿನ ಜಯಮ್ಮ ಕಣ್ಣಿಗೊತ್ತಿಕೊಂಡು ಒಯ್ದಳು. ಮುಂದಿನ ವರ್ಷ ಪಿಂಚಣಿ ಬಂತೆಂದು ಹೇಳಲು ಬಾಳೆಹಣ್ಣು ತಂದಿದ್ದಳು. ಕೊಟ್ಟದ್ದು ವಸಂತಮ್ಮನವರ ಕೈಗೆ.

ಯಜಮಾನರಿಗೆ ಅವರು ಒಂದು ಮಾತೂ ಹೇಳಲಿಲ್ಲ. ನನ್ನೊಡನೆಯೂ ಮೊದಲಿನಂತೆಯೇ ಇದ್ದರು. ಆದರೆ ಪಕ್ಕದಲ್ಲಿ ಕುರ್ಚಿ ಹಾಕಿ ಮತ್ತೆಂದೂ ಕರೆಯಲಿಲ್ಲ. ನನ್ನ ಸ್ಥಿತಿ ನೋಡಿ: ಆ ದೊಡ್ಡತನದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಪ್ರೆಸ್ಸಿಗೆ ಬಂದ ಐದು ವರ್ಷದ ಮೇಲೆ ಅವರು ಹಾಸನದ ಕಾಲೇಜೊಂದರ ಲೈಬ್ರರಿಗೆ ಸೇರಿದರು. ಏನೋ ಕೆಲಸಕ್ಕೆ ಹೋಗಿದ್ದವನು ಒಮ್ಮೆ ನೋಡಲು ಹೋದೆ. ಕೂದಲು ಪೂರ್ತಿ ನೆರೆತಿತ್ತು, ಸೊರಗಿದ್ದರು. ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತ, ಕೇಳಲೋ ಬೇಡವೋ ಎಂದು ಕೇಳಿದೆ: “ಅವತ್ತು ಯಜಮಾನರಿಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಿಮ್ಮನ್ನ ಕಳಿಸ್ತಿದ್ರು. ಆಮೇಲೆ ಪ್ರೂಫ್ ನೋಡೋರು ಯಾರು?” ಎಂದು ನಕ್ಕರು. ಲೋಟ ತಿರುಗಿಸುತ್ತ, “ನಾನು ಮೂರು ಸಲ ಓದಿದ ಕಾರ್ಡನ್ನ ನೀವು ಹೀಗೆ ಕಣ್ಣಾಡಿಸಿ, ಇಲ್ಲಿ ಒತ್ತು ಬಿಟ್ಟಿದೆ ಅಂತ ಬೆರಳಿಡ್ತಿದ್ರಿ. ಅದು ನೋಡಿ ನನಗೆಷ್ಟು ಹೊಟ್ಟೆ ಉರೀತಿತ್ತು ಗೊತ್ತಾ ಪುಟ್ಟಸ್ವಾಮಿಯವರೇ? ಬಸ್ಸಲ್ಲಿ ಮನೆ ಮುಟ್ಟೋವರೆಗೂ ಅದೇ ಯೋಚನೆ” ಎಂದರು.

ಅದೇ ಕೊನೆಯ ಭೇಟಿ. ಮರುವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಅವರ ಹೊಟ್ಟೆಯಲ್ಲೂ ಕಿಚ್ಚಿತ್ತು. ಐದು ವರ್ಷ ಪಕ್ಕದ ಮೇಜಿನಲ್ಲೇ ಕೂತಿದ್ದ ನನಗೆ ಅದರ ಬಿಸಿ ಒಂದು ದಿನವೂ ತಾಗಿರಲಿಲ್ಲ.