ಗಾಳಿ ಅಂಗಿಯ ಅಳತೆ

ಮೊನ್ನೆ ಶಿರಸಿ ಪೇಟೆಯಲ್ಲಿ ರೇನ್‌ಕೋಟು ಕೊಳ್ಳಲು ಹೋಗಿದ್ದೆ. ಅಂಗಡಿಯವನು ಪ್ಲಾಸ್ಟಿಕ್ ಚೀಲ ಹರಿದು ಹೊಸ ಕೋಟನ್ನು ಫಟ್ಟೆಂದು ಕೊಡವಿದ. ಹೊಸ ರಬ್ಬರಿನ ಆ ವಾಸನೆ ಮೂಗಿಗೆ ಬಡಿಯುವುದಕ್ಕೂ ಅವನು "ಸೈಜ್ ಎಷ್ಟ್ರೀ?" ಎಂದು ಕೇಳುವುದಕ್ಕೂ ಸರಿಹೋಯಿತು. "ಟೇಪು ತಗೊಂಡು ಅಳತೆ ಮಾಡಿ" ಎಂದೆ. ರೇನ್‌ಕೋಟಿಗೆ ಟೇಪು ಹಿಡಿಸುವ ಗಿರಾಕಿಯನ್ನು ಅವನು ಅದೇ ಮೊದಲು ನೋಡಿದ್ದಿರಬೇಕು, ನಕ್ಕುಬಿಟ್ಟ. ನಗಲಿ ಬಿಡಿ. ಅಳತೆ ತೆಗೆಯದೆ ಇನ್ನೊಬ್ಬರಿಗೆ ಅಂಗಿ ತರಿಸಿದವನ ಫಜೀತಿ ಅವನಿಗೆ ತಿಳಿಯದು. ನಿಮಗೆ ಹೇಳಬಹುದು, ನೀವು ನನ್ನ ಹಳೆಯ ವಿದ್ಯಾರ್ಥಿಗಳಲ್ಲ.

ನಾನು ಯಲ್ಲಾಪುರದ ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರನಾಗಿದ್ದವ. ಕೈಯುದ್ದಕ್ಕೆ ಪೆನ್ಸಿಲು ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಸರಿಸುತ್ತ ಎದುರಿಗಿರುವುದರ ಎತ್ತರ ಅಗಲ ಹಿಡಿಯುವುದನ್ನು ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದೆ. ಆ ಕಸುಬು ರೋಗವಾಗಿ ಅಂಟಿಕೊಂಡಿತು. ಮದುವೆ ಮನೆಗೆ ಹೋದರೆ ಮದುಮಗನ ಎತ್ತರ ಅವನದೇ ತಲೆಯ ಎಷ್ಟು ಪಟ್ಟು ಎಂದು ಲೆಕ್ಕ ಹಾಕುತ್ತ ಕೂರುತ್ತಿದ್ದೆ. "ಉಂಬಲೆ ಬಂದದ್ದು, ಚಿತ್ರ ಬರೆಯಲೆ ಅಲ್ಲ" ಎಂದು ಹೆಂಡತಿ ಮೊಣಕೈಯಿಂದ ತಿವಿಯುತ್ತಿದ್ದಳು. ನನ್ನ ಕಣ್ಣಳತೆ ತಪ್ಪುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಊರಿಗೆ ಹೇಳಿದವನು ನಾನೇ.

ಆ ಊರಿನಲ್ಲಿ ನಮ್ಮದೊಂದು ಯುವಕ ಸಂಘವಿತ್ತು. ಸ್ಥಾಪಿಸುವಾಗ ನಾವು ನಿಜವಾಗಿಯೂ ಯುವಕರು. ಆಮೇಲೆ ನಮಗೆ ವಯಸ್ಸಾಯಿತು, ಸಂಘಕ್ಕೆ ಆಗಲಿಲ್ಲ. ನಾನು ಹೇಳುತ್ತಿರುವ ಕಾಲಕ್ಕೆ ಸದಸ್ಯರಲ್ಲಿ ತೀರ ಕಿರಿಯವನಿಗೆ ಐವತ್ತೆರಡು. ಅಧ್ಯಕ್ಷ ದತ್ತಣ್ಣನಿಗೆ ಅಡಿಕೆ ಮಂಡಿಯೂ ಮಂಡಿನೋವೂ ಎರಡೂ ಇದ್ದವು. ನಾನು ಕಾರ್ಯದರ್ಶಿ. ವರ್ಷಕ್ಕೊಂದು ರಕ್ತದಾನ ಶಿಬಿರ ಮಾಡುತ್ತಿದ್ದೆವು. ಉಳಿದ ದಿನ ಯಾರಿಗೆ ಶಾಲು ಹೊದೆಸಬಹುದು ಎಂದು ಹುಡುಕುತ್ತಿದ್ದೆವು.

ಹೀಗೆ ಹುಡುಕುವಾಗ ಸಿಕ್ಕಿದವನು ತಿಮ್ಮಣ್ಣ.

ತಿಮ್ಮಣ್ಣ ಇಡಗುಂದಿ ಕಡೆಯ ರೈತ. ಎರಡೆಮ್ಮೆ, ಒಂದಿಷ್ಟು ಗದ್ದೆ. ಹೊಳೆಯಲ್ಲಿ ಯಾರಾದರೂ ಮುಳುಗಿದರೆ ಪೊಲೀಸರೂ ಅಗ್ನಿಶಾಮಕದವರೂ ಮೊದಲು ಅವನಿಗೆ ಫೋನು ಮಾಡುತ್ತಿದ್ದರು. ಮಾಡುತ್ತಿದ್ದ ಕೆಲಸ ಅಲ್ಲಿಗೇ ಬಿಟ್ಟು ಬೈಕಿನಲ್ಲಿ ಬರುತ್ತಿದ್ದ. ಬರೀ ಉಸಿರು ಕಟ್ಟಿ ಮುಳುಗಿ, ಬಂಡೆಯ ಸಂದಿಯಲ್ಲಿ, ಬೇರಿನ ಬುಡದಲ್ಲಿ ಕೈಯಾಡಿಸಿ ಹುಡುಕಿ ತರುತ್ತಿದ್ದ. ಪ್ರತಿಯಾಗಿ ಚಾ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ನಾನು ಅವನನ್ನು ಮೊದಲು ಕಂಡದ್ದು ಬೇಡ್ತಿ ಹೊಳೆಯ ದಂಡೆಯಲ್ಲಿ. ಹೆಣವೊಂದನ್ನು ಹೆಗಲ ಮೇಲೆ ಹಾಕಿಕೊಂಡು ನೀರಿನಿಂದ ಎದ್ದು ಬರುತ್ತಿದ್ದ. ಮೂಗಿನಿಂದ, ಒಂದು ಕಿವಿಯಿಂದ ರಕ್ತ ಇಳಿಯುತ್ತಿತ್ತು. ಅದನ್ನು ಅಂಗೈಯಿಂದ ಒರೆಸಿಕೊಂಡು, ಸತ್ತವನ ಮನೆಯವರಿಗೆ ಕೈ ಮುಗಿದು, ಬೈಕು ಹತ್ತಿ ಹೋದ.

ಮರುದಿನವೇ ಸಂಘದ ಸಭೆ ಸೇರಿತು. ಈ ಸಲ ಬರೀ ಶಾಲು ಸಾಲದು, ಅವನಿಗೆ ನೀರಿನೊಳಗೆ ಉಸಿರಾಡುವ ಸ್ಕೂಬಾ ಉಪಕರಣ ಕೊಡಿಸಬೇಕು, ಕರಾವಳಿಯ ಡೈವಿಂಗ್ ಶಾಲೆಯೊಂದಕ್ಕೆ ತರಬೇತಿಗೆ ಕಳಿಸಬೇಕು ಎಂದು ಠರಾವಾಯಿತು. ಇದು ನಮ್ಮ ಸಂಘ ತೆಗೆದುಕೊಂಡ ಅತ್ಯುತ್ತಮ ನಿರ್ಧಾರ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಸಿಲಿಂಡರು, ಕನ್ನಡಕ, ಕಾಲಿಗೆ ಕಟ್ಟುವ ರೆಕ್ಕೆ, ಇವುಗಳಲ್ಲಿ ತಕರಾರಿರಲಿಲ್ಲ. ತಕರಾರು ಹುಟ್ಟಿದ್ದು ಬಿ.ಸಿ.ಡಿ. ಎಂಬ ವಸ್ತುವಿನಲ್ಲಿ. ತಿಳಿಯುವ ಹಾಗೆ ಹೇಳುವುದಾದರೆ ಅದೊಂದು ಗಾಳಿ ಅಂಗಿ. ಬೆನ್ನಿಗೆ ಸಿಲಿಂಡರನ್ನು ಬಿಗಿದಿರುತ್ತಾರೆ. ಒಂದು ಗುಂಡಿ ಒತ್ತಿದರೆ ಅಂಗಿಯೊಳಗೆ ಗಾಳಿ ತುಂಬಿ ಮನುಷ್ಯ ಮೇಲೇಳುತ್ತಾನೆ, ಗಾಳಿ ಬಿಟ್ಟರೆ ಇಳಿಯುತ್ತಾನೆ. ಹದ ಗೊತ್ತಿದ್ದವನು ಮೇಲೂ ಏಳದೆ ಕೆಳಗೂ ಇಳಿಯದೆ ನಡು ನೀರಿನಲ್ಲಿ ಸುಮ್ಮನೆ ನಿಲ್ಲಬಹುದು. ಅದರಲ್ಲಿ ಜಾತಿಗಳಿವೆ. ಕೋಟಿನ ಹಾಗೆ ಮೈಯನ್ನು ಸುತ್ತುವರಿಯುವುದು ಒಂದು. ಗಾಳಿಚೀಲ ಪೂರ್ತಿ ಬೆನ್ನಿನಲ್ಲೇ ಇರುವುದು ಇನ್ನೊಂದು, ಅದಕ್ಕೆ ವಿಂಗ್ ಎನ್ನುತ್ತಾರೆ. ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿ ನೋಡಿ ಇಷ್ಟನ್ನೂ ಎರಡು ವಾರದಲ್ಲಿ ಅರೆದು ಕುಡಿದೆ. ಮೊಣಕಾಲಿಗಿಂತ ಆಳದ ನೀರನ್ನು ನಾನು ಅದುವರೆಗೆ ಕಂಡಿದ್ದು ದಂಡೆಯಿಂದ ಮಾತ್ರ.

ಸಭೆಯಲ್ಲಿ ದತ್ತಣ್ಣ ಹೇಳಿದ: "ಕಿಸೆ ರಾಶಿ ಇಪ್ಪದೇ ತಗ. ಕಿಸೆ ಇದ್ರೆ ಎಂತಕ್ಕಾದ್ರೂ ಆಗ್ತು."

ನಿವೃತ್ತ ಮುಖ್ಯಾಧ್ಯಾಪಕಿ ಶಾರದಕ್ಕ ಸಂಘದ ಏಕೈಕ ಮಹಿಳಾ ಯುವಕ. ಅವರಿಗೆ ಬಣ್ಣದ ಚಿಂತೆ. "ಕೇಸರಿ ಅಥವಾ ಹಳದಿ ಇರಲಿ, ಕಪ್ಪು ಬೇಡ. ಫೋಟೋದಲ್ಲಿ ಕಾಣುವುದಿಲ್ಲ" ಎಂದರು.

ಸಂಘದ ಹೆಸರನ್ನು ಎಲ್ಲಿ ಬರೆಸುವುದು ಎಂಬುದರ ಮೇಲೆ ಒಂದು ಸಂಜೆ ಪೂರ್ತಿ ಚರ್ಚೆಯಾಯಿತು. ಎದೆಯ ಮೇಲೆ ಬರೆಸಿದರೆ ಪಟ್ಟಿ ಅಡ್ಡ ಬರುತ್ತದೆ, ಬೆನ್ನಿಗೆ ಸಿಲಿಂಡರು ಅಡ್ಡ. ಕೊನೆಗೆ ಎರಡು ಪಕ್ಕೆಗಳಲ್ಲೂ ಬರೆಸುವುದೆಂದು ಒಮ್ಮತಕ್ಕೆ ಬಂದೆವು. ತಿಮ್ಮಣ್ಣನನ್ನು ಒಂದು ಮಾತು ಕೇಳೋಣವೇ ಎಂದು ಯಾರೂ ಹೇಳಲಿಲ್ಲ. ಉಡುಗೊರೆ ಕೊಡುವಾಗ ಮೊದಲೇ ತಿಳಿಸಿದರೆ ಏನು ಚೆಂದ?

ತರಿಸುವ ದಿನ ಅಂಗಡಿಯವರು ಫೋನಿನಲ್ಲಿ ಸೈಜು ಕೇಳಿದರು. ಇಡಗುಂದಿಗೆ ಒಂದು ಬಸ್ಸು ಹತ್ತಿದರೆ ಮುಗಿಯುತ್ತಿತ್ತು. ಎಲ್ಲರೂ ನನ್ನ ಮುಖ ನೋಡಿದರು. ನಾನು ಕಣ್ಣು ಮುಚ್ಚಿದೆ. ಹೆಣ ಹೊತ್ತು ನೀರಿನಿಂದ ಏಳುತ್ತಿದ್ದ ಆ ಮನುಷ್ಯ ಎದುರಿಗೆ ಬಂದ: ಆರಡಿ ಎತ್ತರ, ಬಾಗಿಲಿನಂಥ ಭುಜ. ಮನಸ್ಸಿನಲ್ಲೇ ಪೆನ್ಸಿಲು ಚಾಚಿದೆ. "ಎಕ್ಸ್‌ಎಲ್" ಎಂದೆ, ತೀರ್ಪು ಹೇಳುವ ಜಡ್ಜನ ಹಾಗೆ.

ಸನ್ಮಾನದ ದಿನ ವೇದಿಕೆ ಹತ್ತಿ ಬಂದವನನ್ನು ನೋಡಿ ಮೊದಲು ಬೇರೆ ಯಾರೋ ಎಂದುಕೊಂಡೆ. ನನ್ನ ಕಿವಿಯ ಮಟ್ಟಕ್ಕೆ ಬರುವ, ಸಪೂರ ಮೈಯ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮನುಷ್ಯ. ದತ್ತಣ್ಣ ಶಾಲು ಹೊದೆಸಿದ. ಶಾಲಿನ ಮೇಲೆಯೇ ಗಾಳಿ ಅಂಗಿಯನ್ನೂ ತೊಡಿಸಿದರು. ಅದು ಅವನ ತೊಡೆಯವರೆಗೆ ಬಂತು. ಪಟ್ಟಿಗಳನ್ನು ಪೂರ್ತಿ ಎಳೆದರೂ ಒಳಗೆ ಇನ್ನೊಬ್ಬ ತಿಮ್ಮಣ್ಣ ಹಿಡಿಸುವಷ್ಟು ಜಾಗ. ಎಲ್ಲರೂ ಚಪ್ಪಾಳೆ ತಟ್ಟಿದರು. ತಿಮ್ಮಣ್ಣ ಮುಗುಳ್ನಕ್ಕ. ನಾನೂ ತಟ್ಟಿದೆ. ನೀರಿಗಿಳಿದರೆ ಉಬ್ಬಿಕೊಂಡು ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಕೇಸರಿ ಬಣ್ಣ ಮಾತ್ರ ಫೋಟೋದಲ್ಲಿ ಬಹಳ ಚೆನ್ನಾಗಿ ಬಂದಿತ್ತು, ಸುಳ್ಳು ಹೇಳಬಾರದು.

ತಿಮ್ಮಣ್ಣ ಕರಾವಳಿಗೆ ಹೋಗಿ ತರಬೇತಿಯನ್ನೂ ಮುಗಿಸಿ ಬಂದ. ಅಲ್ಲಿನ ಬಾಡಿಗೆ ಅಂಗಿಯಲ್ಲಿ ಕಲಿತ ಎಂಬುದು ನಮಗೆ ಗೊತ್ತಾಗಲಿಲ್ಲ. ನಾವು ಕೇಳಲೂ ಇಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಫೋನು ಬಂತು. ಬೇಡ್ತಿ ಹೊಳೆಗೆ ಸ್ನಾನಕ್ಕೆ ಇಳಿದ ಪ್ರವಾಸಿಯೊಬ್ಬ ಜಾರಿ ಆಳದ ಗುಂಡಿಗೆ ಬಿದ್ದಿದ್ದ. ನಮ್ಮ ಉಪಕರಣ ಕೆಲಸ ಮಾಡುವುದನ್ನು ಕಣ್ಣಾರೆ ನೋಡುವ ಆಸೆಯಿಂದ ನಾನೂ ಓಡಿದೆ. ಆಸೆ ಎಂಬ ಮಾತು ಇಲ್ಲಿ ಸರಿಯಲ್ಲ ಎಂದು ಗೊತ್ತು; ಆದರೆ ಇದ್ದದ್ದು ಅದೇ. ದಂಡೆಯ ಮೇಲೆ ಮುಳುಗಿದವನ ತಂದೆ ಮಗನ ಚಪ್ಪಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತಿಮ್ಮಣ್ಣ ಬರಿಗೈಯಲ್ಲಿ ಬಂದ.

"ಅಂಗಿ ಎಲ್ಲಿ?" ಎಂದೆ. ನನ್ನ ಧ್ವನಿಯಲ್ಲಿ ಸಿಟ್ಟಿತ್ತು.

"ಆಮೇಲೆ ಹೇಳ್ತೆ, ಮಾಸ್ತರ್ರೆ."

ಅವನು ಆ ತಂದೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಏನೋ ಹೇಳಿ, ಅವರ ಕೈಗೆ ನೀರಿನ ಬಾಟಲಿ ಕೊಟ್ಟು, ತೊಟ್ಟ ಬಟ್ಟೆ ಕಳಚಿ ಹೊಳೆಗೆ ಇಳಿದ. ಮುಳುಗಿದ, ಎದ್ದ. ಮತ್ತೆ ಮುಳುಗಿದ. ಎಷ್ಟು ಸಲವೋ ನಾನು ಎಣಿಸಲಿಲ್ಲ. ಒಂದು ಸಲ ಮಾತ್ರ ಬಹಳ ಹೊತ್ತು ಮೇಲೆ ಬರಲಿಲ್ಲ. ಅಗ್ನಿಶಾಮಕದವರು ನೀರಿನ ಅಂಚಿಗೆ ಬಂದು ನಿಂತರು. ನೀರಿನ ಮೇಲೆ ಒಂದು ಒಣ ಎಲೆ ಗಿರಗಿರನೆ ತಿರುಗುತ್ತಿತ್ತು. ನಾನು ಅದನ್ನೇ ನೋಡುತ್ತ, ನನಗೆ ಗೊತ್ತಿಲ್ಲದೆ ಉಸಿರು ಹಿಡಿದು ನಿಂತಿದ್ದೆ. ನಾನು ತಡೆಯಲಾರದೆ ಉಸಿರು ಬಿಟ್ಟು, ಮತ್ತೆ ಎಳೆದುಕೊಂಡು, ಮತ್ತೆ ಬಿಟ್ಟ ಮೇಲೆ ಅವನ ತಲೆ ಕಂಡಿತು. ಜೊತೆಗೆ ಆ ಹುಡುಗನದೂ.

ತಂದೆಗೆ ಮಗನನ್ನು ಒಪ್ಪಿಸಿ ಬಂದು ತಿಮ್ಮಣ್ಣ ಬಂಡೆಯ ಮೇಲೆ ಅಂಗಾತ ಮಲಗಿದ. ಮೂಗಿನಿಂದ ರಕ್ತ ಸುರಿಯುತ್ತಿತ್ತು. ನಾನು ನನ್ನ ಪಂಚೆಯ ತುದಿ ಹರಿದು ಕೊಟ್ಟೆ.

"ಅದು ನನ್ನ ಅಳತೇದು ಅಲ್ಲ, ಮಾಸ್ತರ್ರೆ," ಎಂದ, ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡು. "ನೀರಿಗಿಳಿದ್ರೆ ಅಂಗಿ ಮೇಲೆ ಹೋಗ್ತದೆ, ನಾ ಕೆಳಗೆ ಉಳೀತೆ. ಕುತ್ತಿಗಿಗೆ ಬಂದು ಬಿಗೀತದೆ. ಕಿಸೆ ಬೇರುಗೋಳಿಗೆ ಸಿಕ್ಕಬೀಳ್ತದೆ."

"ಮೊದಲೇ ಹೇಳೂದಲ್ವೇನೋ ಮಾರಾಯಾ!"

"ಶಾಲು ಹೊದೆಸಿದ ಮೇಲೆ ಹೇಳೂದು ಹೆಂಗ್ರಾ?"

ಆ ನೀರಿನಿಂದ ಅವನು ಮೇಲೆ ಬರದೇ ಹೋಗಿದ್ದರೆ, ನಾವು ಅವನ ಫೋಟೋಕ್ಕೆ ಹಾರ ಹಾಕಿ ಒಂದು ಸಭೆ ಮಾಡುತ್ತಿದ್ದೆವು. ಫೋಟೋ ಬೇರೆ ಚೆನ್ನಾಗಿ ಬಂದಿತ್ತು.

ವಾರದೊಳಗೆ ಅವನನ್ನು ಕರೆದುಕೊಂಡು ಘಟ್ಟ ಇಳಿದೆ. ದತ್ತಣ್ಣ ತಾನೂ ಬರುತ್ತೇನೆಂದ. ಮಂಡಿನೋವು ನೆನಪಿಸಿ ಮನೆಯಲ್ಲೇ ಬಿಟ್ಟೆ. ಡೈವಿಂಗ್ ಶಾಲೆಯ ಈಜುಕೊಳದ ಬದಿಯಲ್ಲಿ ತರಬೇತುದಾರ ನಮ್ಮ ಕೇಸರಿ ಅಂಗಿಯನ್ನು ಎತ್ತಿ ಹಿಡಿದು, "ಇದನ್ನು ಆರಿಸಿದ ಪುಣ್ಯಾತ್ಮ ಯಾರು?" ಎಂದು ಕೇಳಿದ. "ನಮ್ಮದೊಂದು ಸಂಘ" ಎಂದೆ. ಸಂಘಗಳು ಇರುವುದೇ ಇಂಥ ಹೊತ್ತಿಗೆ.

ತರಬೇತುದಾರ ಮೂರು ಅಂಗಿ ತಂದಿಟ್ಟ. ಮೊದಲನೆಯದು ನಮ್ಮದೇ ಮಾದರಿಯ ಸಣ್ಣ ಸೈಜು. ತಿಮ್ಮಣ್ಣ ತೊಟ್ಟು ಮುಳುಗಿ ಬಂದು ಕಿಸೆಗಳನ್ನು ತೋರಿಸಿ ತಲೆಯಾಡಿಸಿದ. ಎರಡನೆಯದು ವಿಂಗ್. ನೀರೊಳಗೆ ಅದರ ಜೊತೆ ಮೀನಿನಂತೆ ಹೊರಳಿದ; ನೋಡಲು ಸೊಗಸಾಗಿತ್ತು. ಮೇಲೆ ಬಂದು ಗಾಳಿ ತುಂಬಿದಾಗ ಅದು ಅವನನ್ನು ಬೆನ್ನಿನಿಂದ ನೂಕಿ ಮುಖವನ್ನು ಮುಂದಕ್ಕೆ ಬಾಗಿಸಿತು.

"ಅಭ್ಯಾಸವಾದರೆ ಸರಿಹೋಗ್ತದೆ. ಎಲ್ಲರೂ ಈಗ ಇದನ್ನೇ ಕೇಳ್ತಾರೆ," ಎಂದ ತರಬೇತುದಾರ.

"ಅವ್ರು ಬರಿಗೈಲಿ ಮೇಲೆ ಬರ್ತಾರೆ," ಎಂದ ತಿಮ್ಮಣ್ಣ. "ನಾ ಒಬ್ಬರ್ನ ತಬ್ಕಂಡು ಬರೂದು. ನನ್ನ ಮುಖ ನೀರಿಗೆ ಬೀಳೂಕೆ ಆಗೂದಿಲ್ಲ."

ಮೂರನೆಯದು ಬಣ್ಣ ಮಾಸಿದ, ಹೆಚ್ಚು ಕಿಸೆಗಳಿಲ್ಲದ ಬೋಳು ಅಂಗಿ. ಶಾಲೆಯವರೇ ಬಳಸಿದ್ದು. ಅದನ್ನು ತೊಟ್ಟು ಕೊಳದ ತಳಕ್ಕೆ ಇಳಿದ. ಇಷ್ಟಿಷ್ಟೇ ಗಾಳಿ ತುಂಬಿ ನಡು ನೀರಿಗೆ ಬಂದು ನಿಂತ. ಕೈಯಾಡಲಿಲ್ಲ, ಕಾಲಾಡಲಿಲ್ಲ. ಆಮೇಲೆ ಕನ್ನಡಕದ ಗಾಜಿಗೆ ಒಂದು ಅಂಗೈ ಅಡ್ಡ ಹಿಡಿದು, ಇನ್ನೊಂದು ಕೈಯಿಂದ ಗಾಳಿ ತುಂಬುವ ಗುಂಡಿ ಹುಡುಕಿದ. ಗಾಳಿ ಬಿಡುವ ದಾರ ಹುಡುಕಿದ. ಮುಳುಗಲೆಂದು ಸೊಂಟಕ್ಕೆ ಕಟ್ಟಿದ ತೂಕದ ಚೀಲ ಕಳಚುವ ಹಿಡಿಕೆ ಮುಟ್ಟಿದ. ಕೈ ಬದಲಿಸಿ ಮತ್ತೆ ಅದನ್ನೇ ಮಾಡಿದ. ಹೀಗೆ ಹತ್ತಾರು ಸಲ. ನಾನು ಕೊಳದ ಅಂಚಿನಲ್ಲಿ ಕೂತು ಅವನನ್ನು ನಿಜಕ್ಕೂ ಆವತ್ತೇ ನೋಡಿದೆ. ಬಾಗಿಲಿನಂಥ ಭುಜ ಎಲ್ಲೂ ಇರಲಿಲ್ಲ. ಐದಡಿ ನಾಲ್ಕಿಂಚು, ಕಿರಿದಾದ ಎದೆ, ಎಡ ಭುಜ ತುಸು ಕೆಳಗೆ.

ಮೇಲೆ ಬಂದು ಹೇಳಿದ: "ನಮ್ಮ ಹೊಳೇಲಿ ಕೆಳಗೆ ಹೋದ್ರೆ ಕಣ್ಣಿದ್ದೂ ಕುರುಡ್ರಾ. ಕೈಗೆ ಕಂಡ್ರೆ ಸಾಕು. ಇದು ಕಾಣ್ತದೆ."

"ಅದು ಹಳೇದು," ಎಂದೆ ನಾನು. ಬುದ್ಧಿ ಅಷ್ಟು ಬೇಗ ಬರುವುದಿಲ್ಲ.

ತರಬೇತುದಾರ ಅದನ್ನು ಪೂರ್ತಿ ಬಿಚ್ಚಿ ಪರೀಕ್ಷಿಸಿ, ಸವೆದ ಭಾಗ ಬದಲಿಸಿ, ನಮ್ಮ ಕೇಸರಿ ಅಂಗಿಗೆ ವಿನಿಮಯವಾಗಿ ಕೊಟ್ಟ. ದಪ್ಪ ಮೈಯ ಪ್ರವಾಸಿಗಳು ಬಂದಾಗ ನಮ್ಮದು ಉಪಯೋಗಕ್ಕೆ ಬರುತ್ತದಂತೆ. ಹೀಗಾಗಿ ಯಲ್ಲಾಪುರದ ಯುವಕ ಸಂಘದ ಹೆಸರು ಅರಬ್ಬೀ ಸಮುದ್ರದ ತಳದಲ್ಲಿ ಮೀನುಗಳಿಗೆ ಪರಿಚಿತವಾಗಿದೆ. ದತ್ತಣ್ಣನಿಗೆ ಇದರಿಂದ ನಿಜವಾಗಿಯೂ ಸಂತೋಷವಾಯಿತು. ಆದರೆ ತರಬೇತುದಾರ ಎರಡು ಷರತ್ತು ಹಾಕಿದ್ದ: ಜೊತೆಗಾರನಿಲ್ಲದೆ ಇಳಿಯಬಾರದು, ಮೇಲೆ ಒಬ್ಬ ಹಗ್ಗ ಹಿಡಿದಿರಬೇಕು. ಅಗ್ನಿಶಾಮಕದವನೊಬ್ಬ ತರಬೇತಿ ಪಡೆದು ಜೊತೆಗಾರನಾದ. ಹಗ್ಗಕ್ಕೆ ನಾನು ಕೈ ಎತ್ತಿದೆ.

ಮುಂದಿನ ಬೇಸಿಗೆಯಲ್ಲಿ ಬೇಡ್ತಿಯ ಅದೇ ಗುಂಡಿಗೆ ಅವರಿಬ್ಬರೂ ಇಳಿದರು. ಮುಳುಗಿದವನು ವಜ್ರಳ್ಳಿ ಕಡೆಯ ಒಬ್ಬ ಲಾರಿ ಡ್ರೈವರ್. ಒಮ್ಮೆ ಜಗ್ಗಿದರೆ ಕ್ಷೇಮ, ಮೂರು ಸಲ ಜಗ್ಗಿದರೆ ಎಳೆಯಿರಿ ಎಂದು ಹೇಳಿಕೊಟ್ಟಿದ್ದರು. ಆಗೊಮ್ಮೆ ಈಗೊಮ್ಮೆ ನನ್ನ ಅಂಗೈಯಲ್ಲಿ ಒಂದೇ ಒಂದು ಜಗ್ಗು ಬರುತ್ತಿತ್ತು; ಕಣ್ಣಿಗೆ ಕಾಣದ ಮನುಷ್ಯನೊಬ್ಬ ಕೆಳಗೆ ಆರಾಮಾಗಿ ಉಸಿರಾಡುತ್ತಿದ್ದಾನೆ ಎಂದು ಅದರ ಅರ್ಥ. ಅರ್ಧ ಗಂಟೆಯೊಳಗೆ ಹುಡುಕಿ ತಂದರು. ಸತ್ತವನು ಬದುಕಿ ಬರಲಿಲ್ಲ, ಅದು ಯಾವ ಅಂಗಿಯಿಂದಲೂ ಆಗುವುದಿಲ್ಲ. ತಿಮ್ಮಣ್ಣನ ಮೂಗಿನಲ್ಲಿ ಈ ಸಲ ರಕ್ತವಿರಲಿಲ್ಲ. ದಂಡೆಗೆ ಬಂದು ಮೊದಲು ಚಾ ಕೇಳಿದ. ಎರಡನೇ ಮಾತು ನನಗೆ: "ಮಾಸ್ತರ್ರೆ, ಹಗ್ಗ ಹಿಡಿಯೂರಿಗೆ ಈಜು ಬರ್ಬೇಕು. ನೀವು ಜಾರಿ ಬಿದ್ರೆ ನಿಮ್ಮನ್ನ ಹುಡ್ಕೂಕೆ ನಾ ಇನ್ನೊಂದ್ಸಲ ಇಳೀಬೇಕು."

ನಾನೀಗ ಶಿರಸಿಯಲ್ಲಿದ್ದೇನೆ. ಸಂಘ ಬರ್ಖಾಸ್ತಾಗಿದೆ, ಯುವಕರು ಉಳಿದಿಲ್ಲ. ಆದರೂ ಭಾನುವಾರ ಬೆಳಗಿನ ಬಸ್ಸಿಗೆ ಇಡಗುಂದಿಗೆ ಹೋಗುತ್ತೇನೆ. ಅಲ್ಲಿನ ಕೆರೆಯಲ್ಲಿ ತಿಮ್ಮಣ್ಣ ಎದೆಮಟ್ಟದ ನೀರಿನಲ್ಲಿ ನಿಂತಿರುತ್ತಾನೆ. ನಾನು ಅಂಗಾತ ಮಲಗಿ, ಹೊಟ್ಟೆ ಆಕಾಶಕ್ಕೆ ಮಾಡಿ, ತೇಲಲು ಹೆಣಗುತ್ತೇನೆ. ಬಟ್ಟೆ ಒಗೆಯಲು ಬಂದ ಹೆಂಗಸರು ಮೊದಮೊದಲು ನಗುತ್ತಿದ್ದರು; ಈಗ ಸಲಹೆ ಕೊಡುತ್ತಾರೆ.

ಮೊನ್ನೆ ಭಾನುವಾರ ಕಿವಿಯಲ್ಲಿ ನೀರು ತುಂಬಿಕೊಂಡು ಮನೆಗೆ ಬಂದೆ. ಹೆಂಡತಿ ಟವೆಲು ಕೊಡುತ್ತ, "ಇವತ್ತು ಎಷ್ಟು ದೂರ ಈಜಿದ್ರಿ?" ಎಂದು ಕೇಳಿದಳು.

"ದೂರ ಇಲ್ಲೆ. ಇದ್ದಲ್ಲೇ ಮೂರು ಉಸಿರು ತೇಲಿದೆ. ಹೋದ ವಾರ ಎರಡೇ ಆಗಿತ್ತು."

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ಅಡ್ಡಿಲ್ಲೆ," ಎಂದಳು.