ಬ್ಯಾಂಕಾಕಿನಲ್ಲಿ ಕುಣಿದ ಸಾವಿತ್ರಿ

ಪಾರ್ಕಿನಲ್ಲಿ ಓಡುತ್ತಿದ್ದವರೆಲ್ಲ ಇದ್ದಕ್ಕಿದ್ದಂತೆ ಇದ್ದಲ್ಲೇ ನಿಂತುಬಿಟ್ಟರು. ಬ್ಯಾಂಕಾಕಿನಲ್ಲಿ ಆಗ ಸಂಜೆ ಆರು ಗಂಟೆ. ಗೆಳತಿ ಸಾವಿತ್ರಿ ನನ್ನ ತೋಳು ಗಟ್ಟಿಯಾಗಿ ಹಿಡಿದು, "ಎಂತ ಆಯ್ತು ಮಾರಾಯ್ತಿ? ಪೊಲೀಸರು ಬಂದ್ರಾ?" ಎಂದಳು. ಮೈಕಿನಲ್ಲಿ ಹಾಡೊಂದು ಕೇಳುತ್ತಿತ್ತು. ಅದು ಅವರ ರಾಷ್ಟ್ರಗೀತೆ ಎಂದು ಹೊಳೆದದ್ದೇ, ಕೊಪ್ಪದ ನಿವೃತ್ತ ಶಿಕ್ಷಕಿಯರಾದ ನಾವಿಬ್ಬರೂ ನೆಟ್ಟಗೆ ನಿಂತೆವು.

ಹಾಡು ಮುಗಿದ ಮೇಲೆ ಜೋರು ಸಂಗೀತ ಶುರುವಾಯಿತು. ನೂರಾರು ಜನ ಸಾಲಾಗಿ ನಿಂತು ವ್ಯಾಯಾಮದ ಕುಣಿತ ಆರಂಭಿಸಿದರು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನಗುತ್ತಾ ಸಾವಿತ್ರಿಯ ಕೈ ಹಿಡಿದು ಸಾಲಿಗೆ ಎಳೆದುಕೊಂಡರು. ಗಂಡ ತೀರಿಕೊಂಡ ಮೇಲೆ ಎರಡು ವರ್ಷ ಮನೆಯಿಂದ ಹೊರಗೇ ಬಾರದಿದ್ದವಳನ್ನು ಈ ವಾರಾಂತ್ಯದ ಪ್ರವಾಸಕ್ಕೆ ಕಾಡಿ ಬೇಡಿ ಕರೆತಂದವಳು ನಾನೇ. ಬಂದಾಗಿನಿಂದಲೂ ಅವಳದು ಊರಿಗೆ ಹೋಗುವ ಮಾತೇ. ಈಗ ಅತ್ತೇಬಿಡುತ್ತಾಳೆ ಎಂದುಕೊಂಡೆ.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಎಲ್ಲರೂ ಬಲಕ್ಕೆ ವಾಲಿದರೆ ಇವಳು ಎಡಕ್ಕೆ ವಾಲಿ ಅಜ್ಜಿಗೆ ಡಿಕ್ಕಿ ಹೊಡೆದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಬೆವರಿಳಿಯುವ ಮುಖವನ್ನು ನನ್ನತ್ತ ತಿರುಗಿಸಿ, "ಕಂಬದ ಹಾಗೆ ನಿಂತು ಎಂತ ನೋಡ್ತೀಯೇ? ಬಾರೇ!" ಎಂದು ಕೂಗಿದಳು. ನಾನೂ ಚಪ್ಪಲಿ ಬಿಟ್ಟು ಓಡಿದೆ.

ಈಗ ಕೊಪ್ಪದಲ್ಲಿ ದಿನಾ ಬೆಳಿಗ್ಗೆ ನಾವು ಏಳು ಮಂದಿ ಹೆಂಗಸರು ಮೈದಾನದಲ್ಲಿ ಸೇರುತ್ತೇವೆ. ಹೆಜ್ಜೆ ಹೇಳಿಕೊಡುವವಳು ಸಾವಿತ್ರಿ. ಐದು ನಿಮಿಷ ತಡವಾದರೂ ಅವಳಿಂದ ಬೈಗುಳ ಗ್ಯಾರಂಟಿ. ಅದನ್ನು ಕೇಳಲೆಂದೇ ನಾನು ಕೆಲವು ದಿನ ಬೇಕೆಂದೇ ತಡಮಾಡುತ್ತೇನೆ.