ದ್ರಾಕ್ಷಿ ಪಡದಾಗ ನನ್ನ ಹಾಡು

ಇದರಾಗಿನ ಒಂದೊಂದು ಮಾತೂ ಖರೇ ಐತ್ರಿ, ಆಣಿ ಮಾಡಿ ಹೇಳತೇನಿ. ಐವತ್ತು ದಾಟಿದ ಮ್ಯಾಲ, ಗುರುವಿಲ್ಲದ, ಮೊಬೈಲ್ ನೋಡಿ ಸಂಗೀತ ಸಂಯೋಜನೆ ಕಲಿತ ಮಹಾಪುರುಷ ನಾನು. ವರ್ಷಗಟ್ಟಲೆ ಲ್ಯಾಪ್‌ಟಾಪಿನ ಮುಂದ ಕುಂತು ಕಟ್ಟಿದ ಹಾಡನ್ನ ವಿಜಯಪುರದಾಗ ಯಾರೂ ಪೂರಾ ಕೇಳಲಿಲ್ಲ. ಹೆಂಡತಿ ಸೈತ ನಡುವ ಎದ್ದು ಹಾಲು ಕಾಸಾಕ ಹೋದಳು.

ಕಡೀಕ ಬಿಜ್ಜರಗಿಯ ದ್ರಾಕ್ಷಿ ಬೆಳೆಗಾರನೊಬ್ಬ ಆ ಹಾಡು ಬೇಕಂತ ತಾನಾಗೇ ಇಸ್ಕೊಂಡ. ಹೋಗಿ ನೋಡಿದರ ಪಡದ, ಅಂದ್ರ ದ್ರಾಕ್ಷಿ ತೋಟದ, ನಡುವ ದೊಡ್ಡ ಸ್ಪೀಕರಿನಾಗ ನನ್ನ ಹಾಡು! ಎದಿ ಉಬ್ಬಿತು.

"ಭಾಳ ಚಲೋ ಐತ್ರಿ ಕಾಕಾ," ಅಂದ. "ಇದನ್ನ ಹಚ್ಚಿದಾಗಿಂದ ಒಂದ ಹಕ್ಕಿನೂ ಹಣ್ಣಿಗೆ ಬಾಯಿ ಹಾಕಿಲ್ಲ. ಅವಕ್ಕ ರೂಢಿ ಆಗೂದರೊಳಗ ಇನ್ನೊಂದು ಮಾಡಿಕೊಡ್ರಿ."

ಬದುವಿನ ಮ್ಯಾಲ ಕುಂತೆ. ಲ್ಯಾಪ್‌ಟಾಪ್ ಮಾರಿಬಿಡೂಣು ಅನ್ನಿಸ್ತು. ಅಷ್ಟರಾಗ ಒಂದು ಗುಬ್ಬಿ ತಂತಿ ಮ್ಯಾಲ ಬಂದು ಕುಂತು, ಹಾಡು ಮುಗಿಯೂತನಕ ಕೇಳಿ ಹೋತು.

ಉಳಿದದ್ದೆಲ್ಲಾ ಖರೇ ಐತ್ರಿ. ಆ ಗುಬ್ಬಿ ಅಷ್ಟ ನಾ ಹುಟ್ಟಿಸಿದ್ದು.